ಜೆಡೈ ಮತ, ಅಣುವ್ರತ ಮತ್ತು ದುಡಿಮೆಯ ತಕ್ಕಡಿ

1977ರಲ್ಲಿ ತೆರೆಕಂಡ ‘ಸ್ಟಾರ್ ವಾರ್ಸ್’ ಚಲನಚಿತ್ರದ ಯೋಧರನ್ನು ಆದರ್ಶವಾಗಿಟ್ಟುಕೊಂಡು ರೂಪುಗೊಂಡದ್ದು ಜೆಡೈ ಮತ. 2001ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗಳ 3,90,127 ಮಂದಿ ಧರ್ಮದ ಕಲಮಿನಲ್ಲಿ ಜೆಡೈ ಎಂದು ಬರೆಸಿದರು. ಅದರಲ್ಲಿ ವಿನೋದದ ಪಾಲೇ ದೊಡ್ಡದು. 2016ರ ಡಿಸೆಂಬರಿನಲ್ಲಿ ಅಲ್ಲಿಯ ದತ್ತಿ ಆಯೋಗವು ಜೆಡೈ ಸಂಘವೊಂದರ ಅರ್ಜಿಯನ್ನು ತಳ್ಳಿಹಾಕಿ, ದತ್ತಿ ಕಾನೂನಿನ ಅರ್ಥದಲ್ಲಿ ಇದು ಧರ್ಮವಲ್ಲವೆಂದು ತೀರ್ಮಾನಿಸಿತು. ಆದರೂ ಚಿಕ್ಕದೊಂದು ಸಮುದಾಯ ಇದನ್ನು ಗಂಭೀರವಾಗಿಯೇ ಅನುಸರಿಸುತ್ತಿದೆ. ದುಡಿಯುವ ಸ್ಥಳದಲ್ಲಿ ಸಿಟ್ಟು ಬಂದಾಗ ಉಸಿರನ್ನು ಗಮನಿಸುವುದು, ಬಡ್ತಿ ತಪ್ಪಿದಾಗ ಮೋಹವನ್ನು ಸಡಿಲಿಸುವುದು, ಭಯದಿಂದ ನಿರ್ಣಯ ಕೈಗೊಳ್ಳದಿರುವುದು ಅವರು ನಿತ್ಯಜೀವನಕ್ಕೆ ಇಳಿಸಿಕೊಳ್ಳಬಯಸುವ ತತ್ತ್ವಗಳು.

ಕಟ್ಟುಕಥೆಯಿಂದ ಹುಟ್ಟಿದ ಮತವೆಂಬ ಆಕ್ಷೇಪವನ್ನು ಕನ್ನಡ ಸಾಹಿತ್ಯದ ವಿದ್ಯಾರ್ಥಿ ಬೇಗನೆ ಒಪ್ಪಲಾರ. ನಯಸೇನನ ‘ಧರ್ಮಾಮೃತ’ದಲ್ಲಿ (ಕ್ರಿ.ಶ. 1112) ಹಣದಾಸೆಗೆ ಮುನಿವೇಷ ತೊಟ್ಟು ದಯಾಮಿತ್ರ ಸೆಟ್ಟಿಯ ಪಯಣದಲ್ಲಿ ಜತೆಗೂಡಿದ ವಸುಭೂತಿ ಕೊನೆಗೆ ನಿಜವಾದ ಶ್ರದ್ಧೆಯನ್ನೇ ಪಡೆಯುತ್ತಾನೆ. ನಟನೆಯಾಗಿ ತೊಡಗಿದ ಆಚಾರವೂ ಒಳಗನ್ನು ಮುಟ್ಟಬಹುದೆಂಬುದು ಮುಳುಗುಂದದ ಆ ಕವಿಗೆ ತಿಳಿದಿತ್ತು. ಜನಗಣತಿಯ ತಮಾಷೆಯಿಂದ ಕೆಲವರು ಧ್ಯಾನಕ್ಕೆ ಹೊರಳಿದ್ದರೆ ನಗುವುದಕ್ಕೆ ಕಾರಣವಿಲ್ಲ. ಪರೀಕ್ಷಿಸಬೇಕಾದದ್ದು ಹುಟ್ಟನ್ನಲ್ಲ, ದುಡಿಮೆಯ ಯಾವ ದೋಷವನ್ನು ಆ ಮತ ದೋಷವೆಂದು ಗುರುತಿಸುತ್ತದೆ ಎಂಬುದನ್ನು.

ಜೆಡೈ ಬೋಧೆ ಭಯ, ಕ್ರೋಧ, ದ್ವೇಷ, ಮೋಹಗಳನ್ನು ಪತನದ ಮೆಟ್ಟಿಲುಗಳೆಂದು ಎಣಿಸುತ್ತದೆ. ಜೈನರ ಕಷಾಯಗಳು ನಾಲ್ಕು: ಕ್ರೋಧ, ಮಾನ, ಮಾಯಾ, ಲೋಭ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಮೊದಲ ಪಟ್ಟಿಯಲ್ಲಿ ಮಾನದಂತೆಯೇ ಕಾಣದಿರುವುದು ಮಾಯಾ, ಅಂದರೆ ವಂಚನೆ. ಇದು ಆಕಸ್ಮಿಕವೆನಿಸುವುದಿಲ್ಲ. ಮೊದಲ ಚಿತ್ರದಲ್ಲೇ ವೃದ್ಧ ಜೆಡೈ ಗುರು ತಪಾಸಣೆಗೆ ನಿಂತ ಸೈನಿಕರ ಮನಸ್ಸನ್ನು ಮಂಕುಗೊಳಿಸಿ ದಾಟಿಹೋಗುತ್ತಾನೆ; ಪ್ರೇಕ್ಷಕ ಮೆಚ್ಚುತ್ತಾನೆ. ಯುದ್ಧದ ಕಥೆಯಲ್ಲಿ ಅದು ಸಲ್ಲುತ್ತದೆ. ವ್ಯಾಪಾರದಲ್ಲಿ ವಂಚನೆಯೇ ಮೊದಲ ಪಾಪ. ಅದನ್ನು ಶಾಂತಚಿತ್ತದಿಂದ, ನಗುಮುಖದಿಂದ, ಉಸಿರಿನ ಲಯ ತಪ್ಪದಂತೆ ಎಸಗಬಹುದು.

ಉಮಾಸ್ವಾಮಿಯ ‘ತತ್ತ್ವಾರ್ಥಸೂತ್ರ’ದ ಏಳನೆಯ ಅಧ್ಯಾಯ ಈ ಸ್ಥಳದಲ್ಲಿ ಬಲು ನಿಷ್ಠುರ. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಕಳವಿಗೆ ಪ್ರೇರಿಸುವುದು, ಕದ್ದ ಮಾಲನ್ನು ಕೊಳ್ಳುವುದು ಮೊದಲಾದವುಗಳ ಜೊತೆಗೆ ‘ಹೀನಾಧಿಕಮಾನೋನ್ಮಾನ’ವೂ ‘ಪ್ರತಿರೂಪಕವ್ಯವಹಾರ’ವೂ ಸೇರಿವೆ: ಕೊಳ್ಳುವಾಗ ಒಂದು ಅಳತೆ, ಮಾರುವಾಗ ಇನ್ನೊಂದು, ಉತ್ತಮ ಸರಕಿಗೆ ಅದರಂತೆಯೇ ಕಾಣುವ ಕೀಳು ಸರಕನ್ನು ಬೆರೆಸುವುದು. ಸತ್ಯಾಣುವ್ರತದ ಅತಿಚಾರಗಳಲ್ಲಿ ‘ನ್ಯಾಸಾಪಹಾರ’ವೆಂಬುದು ಇನ್ನೂ ಸೂಕ್ಷ್ಮ. ಒತ್ತೆ ಇಟ್ಟವನು ಮೊತ್ತ ಮರೆತು ಕಡಿಮೆ ಕೇಳಿದಾಗ, ಕೇಳಿದಷ್ಟನ್ನೇ ಕೊಟ್ಟು ಸುಮ್ಮನಿರುವುದು. ಇಲ್ಲಿ ಬಾಯಿಂದ ಸುಳ್ಳಿನ ಅಕ್ಷರವೂ ಹೊರಡುವುದಿಲ್ಲ. ಆದರೂ ಸತ್ಯವ್ರತಕ್ಕೆ ಊನವಾಯಿತು.

ಈ ಹಳೆಯ ಪದಗಳ ಬೆಲೆ ತಿಳಿಯಲು ತಿಕೋಟಾ, ಬಬಲೇಶ್ವರ ತಾಲ್ಲೂಕುಗಳ ದ್ರಾಕ್ಷಿ ಸೀಮೆಯನ್ನು ನೋಡಬೇಕು. ಮಳೆಯನ್ನು ನಂಬಲಾಗದ ನೆಲ ಅದು. ಕೊಳವೆಬಾವಿ, ಟ್ಯಾಂಕರ್, ಈಚಿನ ಏತ ನೀರಾವರಿಗಳ ಆಸರೆಯಲ್ಲಿ ಬೆಳೆದ ಗೊನೆಗಳನ್ನು ರೈತ ಡಿಪಿಂಗ್ ದ್ರಾವಣದಲ್ಲಿ ಅದ್ದಿ, ಶೆಡ್ಡಿನ ನೆರಳಿನಲ್ಲಿ ಬಲೆಯ ಅಂತಸ್ತುಗಳ ಮೇಲೆ ಎರಡು ವಾರ ಒಣಗಿಸುತ್ತಾನೆ. ಸುಮಾರು ನಾಲ್ಕು ಕಿಲೊ ಹಸಿ ದ್ರಾಕ್ಷಿಗೆ ಒಂದು ಕಿಲೊ ಒಣದ್ರಾಕ್ಷಿ. ತಕ್ಕಡಿಯಲ್ಲಿ ಒಂದು ಕಿಲೊ ಮಾಯವಾದರೆ ತೋಟದ ನಾಲ್ಕು ಕಿಲೊ ಹೋದಂತೆ! ಗಂಧಕದ ಹೊಗೆ ಮಿತಿಯಲ್ಲಿದ್ದರೆ ಮಾಲನ್ನು ಕಾಪಾಡುತ್ತದೆ. ಹಳೆಯ ಮಾಲಿಗೆ ಹೊಸ ಬಣ್ಣ ಕಟ್ಟಲು ಬಳಸಿದರೆ ಅದು ಪ್ರತಿರೂಪಕವ್ಯವಹಾರ. ಈ ದೋಷ ರೈತನಿಗೂ ದಲಾಲನಿಗೂ ಸಮಾನ. ವಿದ್ಯುನ್ಮಾನ ತಕ್ಕಡಿ ಬಂದಮೇಲೆ ಇವೆಲ್ಲ ಮುಗಿದ ಮಾತೆನ್ನುವವರಿದ್ದಾರೆ. ಯಂತ್ರ ತೂಕವನ್ನು ತೋರಿಸಬಲ್ಲದು. ತೇವಾಂಶದ, ಕಸದ ಹೆಸರಿನಲ್ಲಿ ಎಷ್ಟು ಕಡಿತ ನ್ಯಾಯವೆಂದು ಹೇಳಲಾರದು.

ಅಣುವ್ರತಿಗಳ ನೆಲದಲ್ಲೇ ಶರಣರು ಕಾಯಕವನ್ನು ಇದೇ ತಕ್ಕಡಿಯಲ್ಲಿಟ್ಟರು. ಗಂಡ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಚ್ಚಿನದನ್ನು ಹಿಂದಕ್ಕೆ ಕಳುಹಿಸಿದ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ಪರಿಗ್ರಹಪರಿಮಾಣದ ಯಾವ ವ್ಯಾಖ್ಯಾನಕ್ಕೂ ಕಡಿಮೆಯದಲ್ಲ. ಆ ವಚನಗಳನ್ನು ಓಲೆಗರಿಗಳಿಂದ ಹೆಕ್ಕಿ ತೆಗೆದ ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲಿ ನಡೆಸಿದವರು. 1912ರಲ್ಲಿ ಸಿದ್ಧೇಶ್ವರ ಬ್ಯಾಂಕಿನ ಸ್ಥಾಪನೆಗೆ ಮುಂದಾದವರು. ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನು ಮಾರಿದವರು. ಅವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ 1923ರಲ್ಲಿ ಅಚ್ಚಾದದ್ದು ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ. ಹೆಸರೇ ಎರಡು ಪರಂಪರೆಗಳ ನೆರೆಹೊರೆಯನ್ನು ಸೂಚಿಸುತ್ತದೆ. ತಿಕೋಟಾ ಸೀಮೆಯ ಬಿಜ್ಜರಗಿಯಲ್ಲಿ ಹುಟ್ಟಿ, 2023ರ ಜನವರಿ 2ರಂದು ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ದೇಹವಿಟ್ಟ ಸಿದ್ಧೇಶ್ವರ ಸ್ವಾಮಿಗಳ ಅಂಗಿಗೆ ಜೇಬೇ ಇರಲಿಲ್ಲ. ಅಪರಿಗ್ರಹವನ್ನು ದರ್ಜಿಯ ಕತ್ತರಿಗೇ ಒಪ್ಪಿಸಿದ ಪರಿ ಅದು.

ಹೀಗೆಂದು ಜೈನ ಓದುಗರು ಹೆಮ್ಮೆಪಟ್ಟು ಸುಮ್ಮನಾಗುವಂತಿಲ್ಲ. ರಾತ್ರಿಭೋಜನ ತ್ಯಾಗದ ಬಗೆಗೆ ಶ್ರಾವಕರ ಮನೆಗಳಲ್ಲಿ ನಡೆಯುವ ಚರ್ಚೆಯ ಕಾಲುಭಾಗವೂ ಅಳತೆ–ತೂಕಗಳ ಬಗೆಗೆ ನಡೆಯುವುದಿಲ್ಲ. ಗಡಿಯಾರ ನೋಡಿ ಊಟ ಮುಗಿಸುವುದು ಸುಲಭ. ಅಂಗಡಿಯ ಲೆಕ್ಕವನ್ನು ವ್ರತದ ಕಣ್ಣಿನಿಂದ ನೋಡುವುದು ನಷ್ಟದ ಬಾಬತ್ತು. ತರಗತಿಗಳ ಸ್ಥಿತಿಯೂ ಭಿನ್ನವಲ್ಲ. ‘ಧರ್ಮಾಮೃತ’ವನ್ನು ಓದಿಸುವಾಗ ನಯಸೇನನ ಉಪಮೆಗಳ ಸರಮಾಲೆಯನ್ನೂ ಸಂಸ್ಕೃತದ ಬೆರಕೆಯನ್ನು ಅವನು ಗೇಲಿ ಮಾಡಿದ್ದನ್ನೂ ಟಿಪ್ಪಣಿ ಬರೆಸುತ್ತಾರೆ. ಅದರ ಹದಿನಾಲ್ಕು ಆಶ್ವಾಸಗಳಲ್ಲಿ ಐದು ಅಣುವ್ರತಗಳಿಗೇ ಮೀಸಲೆಂಬುದು ಹೆಚ್ಚೆಂದರೆ ಒಂದು ಅಂಕದ ಪ್ರಶ್ನೆ. ಕಳವನ್ನು ತೊರೆಯುವ ವ್ರತದ ಕಥೆಯನ್ನು ಓದುವ ವಿದ್ಯಾರ್ಥಿ ದ್ರಾಕ್ಷಿ ಬೆಳೆಗಾರನ ಮಗನೋ ಅಡತಿ ಅಂಗಡಿಯ ಗುಮಾಸ್ತನ ಮಗಳೋ ಆಗಿರುವುದುಂಟು. ಹೀನಾಧಿಕಮಾನೋನ್ಮಾನವೆಂಬ ಪದವನ್ನು ಸಮಾಸ ಬಿಡಿಸುವುದಕ್ಕಷ್ಟೇ ಅವರ ಮುಂದಿಡಲಾಗುತ್ತದೆ.