ಮೆಸೇಜ್ ಕ್ಯೂ ಬೇಡ ಎನ್ನುವವರಿಗೆ

ವಾಮಂಜೂರಿನವರಿಗೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಪಕ್ಕದ ಪಿಲಿಕುಳದಲ್ಲಿ 2018ರಿಂದ ಸ್ವಾಮಿ ವಿವೇಕಾನಂದ ತಾರಾಲಯವಿದೆ. ಅದಕ್ಕೆ ಆನ್‌ಲೈನ್ ಟಿಕೆಟ್ ಕೊಡುವ ಸಾಫ್ಟ್‌ವೇರನ್ನು ನಾವೇ ಬರೆಯುತ್ತಿದ್ದೇವೆ ಎಂದಿಟ್ಟುಕೊಳ್ಳಿ. ಹಣ ಬಂತು, ಸೀಟು ದಾಖಲಾಯಿತು. ಉಳಿದದ್ದು ಎಸ್ಸೆಮ್ಮೆಸ್, ಇಮೇಲ್, ಲೆಕ್ಕದ ನಮೂದು. ಇವನ್ನು ಕ್ಯೂಗೆ, ಅಂದರೆ ಆಮೇಲೆ ಒಂದೊಂದಾಗಿ ಎತ್ತಿಕೊಳ್ಳುವ ಸಂದೇಶಗಳ ಸಾಲಿಗೆ, ಹಾಕೋಣ ಎಂದರೆ ಆಕ್ಷೇಪಗಳು ಸಾಲುಗಟ್ಟುತ್ತವೆ.

‘ಇದೆಲ್ಲ ಹೊಸ ಶೋಕಿ.’ ಐಬಿಎಂ ತನ್ನ ಕ್ಯೂ ಸಾಫ್ಟ್‌ವೇರ್ ಎಂಕ್ಯೂ ಸೀರೀಸನ್ನು ಮಾರುಕಟ್ಟೆಗೆ ತಂದದ್ದು 1993ರಲ್ಲಿ. ಶೋಕಿಗೆ ಇಷ್ಟು ಆಯುಸ್ಸು ಇರುವುದಿಲ್ಲ.

‘ನೇರವಾಗಿ ಎಪಿಐ ಕಾಲ್ ಮಾಡಿದರೆ ಆಯಿತಲ್ಲ?’ ಎಸ್ಸೆಮ್ಮೆಸ್ ಗೇಟ್‌ವೇ ಕೈಕೊಟ್ಟ ದಿನ ನೋಡಿ: ಹಣ ಕಡಿತವಾಗಿದೆ, ಸೀಟೂ ದಾಖಲಾಗಿದೆ, ಪರದೆಯ ಮೇಲೆ ಮಾತ್ರ ‘ವಿಫಲ’. ಗ್ರಾಹಕ ಇನ್ನೊಮ್ಮೆ ಹಣ ಕಟ್ಟುತ್ತಾನೆ. ಕ್ಯೂ ಇದ್ದಿದ್ದರೆ ಟಿಕೆಟ್ ಆಗಲೇ ಸಿಗುತ್ತಿತ್ತು. ಎಸ್ಸೆಮ್ಮೆಸ್ ತಡವಾಗುತ್ತಿತ್ತು, ಅಷ್ಟೇ.

‘ಡೇಟಾಬೇಸಿನ ಒಂದು ಟೇಬಲ್ ಸಾಕು.’ ಸಣ್ಣ ಕೆಲಸಕ್ಕೆ ಖಂಡಿತ ಸಾಕು. ಪೋಸ್ಟ್‌ಗ್ರೆಸ್‌ನಲ್ಲಿ 2016ರಿಂದ ಬೇರೊಬ್ಬರು ಲಾಕ್ ಮಾಡಿದ ಸಾಲುಗಳನ್ನು ಬಿಟ್ಟು ಮುಂದಿನದನ್ನು ಎತ್ತಿಕೊಳ್ಳುವ ‘ಸ್ಕಿಪ್ ಲಾಕ್ಡ್’ ಸೌಲಭ್ಯವೂ ಇದೆ. ಆದರೆ ಆ ಟೇಬಲ್ಲೂ ಕ್ಯೂವೇ. ಹಾಗಾದರೆ ನಿಮ್ಮ ತಕರಾರು ರ‍್ಯಾಬಿಟ್‌ಎಂಕ್ಯೂ, ಕಾಫ್ಕಾಗಳಂಥ ಬ್ರೋಕರ್‌ಗಳ ಮೇಲೆ, ಕ್ಯೂ ಮೇಲಲ್ಲ. ಬ್ರೋಕರ್ ಬಂದ ಮೇಲೂ ಆ ಟೇಬಲ್ ಬೇಕು: ಸೀಟಿನ ದಾಖಲೆಯನ್ನೂ ಸಂದೇಶವನ್ನೂ ಒಂದೇ ಟ್ರಾನ್ಸಾಕ್ಷನ್ನಿನಲ್ಲಿ ಬರೆದಿಟ್ಟರೆ, ನಡುವೆ ಸರ್ವರ್ ಬಿದ್ದರೂ ಸಂದೇಶ ಉಳಿಯುತ್ತದೆ.

‘ಒಂದೇ ಸಂದೇಶ ಎರಡು ಸಲ ಬರುತ್ತದೆ.’ ಬರುತ್ತದೆ. ಅಮೆಜಾನಿನ ಕ್ಯೂ ಸೇವೆಯಾದ ಎಸ್‌ಕ್ಯೂಎಸ್‌ನಲ್ಲಿ ಬೇರೆ ಅವಧಿ ಹೇಳದಿದ್ದರೆ, ತೆಗೆದುಕೊಂಡ ಸಂದೇಶವನ್ನು 30 ಸೆಕೆಂಡಿನೊಳಗೆ ಅಳಿಸದೆ ಬಿಟ್ಟಾಗ ಅದು ಮತ್ತೆ ಕಾಣಿಸಿಕೊಳ್ಳುತ್ತದೆ. ಆದರೆ ಟೈಮ್‌ಔಟ್ ಆದ ಎಪಿಐ ಕಾಲನ್ನು ಮತ್ತೆ ಮಾಡಿದಾಗಲೂ ಇದೇ ಪಾಡು. ಮದ್ದೂ ಒಂದೇ: ಪ್ರತಿ ಸಂದೇಶಕ್ಕೂ ಒಂದು ಸಂಖ್ಯೆ, ಲೆಕ್ಕದ ಟೇಬಲ್ಲಿನಲ್ಲಿ ಆ ಸಂಖ್ಯೆಗೆ ಯುನೀಕ್ ನಿರ್ಬಂಧ. ಎರಡನೇ ನಮೂದು ಒಳಗೇ ಹೋಗದು.

‘ಕ್ರಮ ತಪ್ಪುತ್ತದೆ.’ ಕಾಫ್ಕಾ ಒಂದು ಪಾರ್ಟಿಷನ್ನಿನೊಳಗೆ ಕ್ರಮ ಕಾಯುತ್ತದೆ. ಬುಕಿಂಗ್ ಸಂಖ್ಯೆಯನ್ನೇ ಕೀ ಮಾಡಿದರೆ, ಒಂದು ಟಿಕೆಟಿನ ಬುಕಿಂಗೂ ರದ್ದತಿಯೂ ಒಂದೇ ಪಾರ್ಟಿಷನ್ನಿಗೆ ಹೋಗುತ್ತವೆ. ನನ್ನ ಟಿಕೆಟಿಗೂ ನಿಮ್ಮ ಟಿಕೆಟಿಗೂ ಹಿಂದುಮುಂದಾದರೆ ಯಾರಿಗೂ ನಷ್ಟವಿಲ್ಲ.

‘ತಪ್ಪು ಎಲ್ಲಾಯಿತೆಂದು ಹುಡುಕುವುದೇ ಕಷ್ಟ.’ ಇದು ತೂಕದ ಮಾತು. ಸೋತ ಸಂದೇಶಗಳಿಗೆ ಡೆಡ್ ಲೆಟರ್ ಕ್ಯೂ, ಪ್ರತಿ ಲಾಗ್ ಸಾಲಿನಲ್ಲೂ ಬುಕಿಂಗ್ ಸಂಖ್ಯೆ, ಕ್ಯೂ ಬೆಳೆಯತೊಡಗಿದರೆ ಎಚ್ಚರಿಸುವ ಅಲಾರಂ: ಈ ಮೂರೂ ಇಲ್ಲದವರು ಕ್ಯೂ ಕಡೆಗೆ ಬರಲೇಬಾರದು.

ಸೀಟು ಖಾಲಿ ಇದೆಯೇ ಎಂಬ ಪ್ರಶ್ನೆಗೆ ಉತ್ತರ ಆಗಿಂದಾಗಲೇ ಬೇಕು. ಅದನ್ನು ಕ್ಯೂಗೆ ಹಾಕುವುದು ತಪ್ಪು. ಗ್ರಾಹಕ ಕಾಯಬೇಕಿಲ್ಲದ ಕೆಲಸಕ್ಕೆ ಅವನನ್ನು ಕಾಯಿಸುವುದೂ ಅಷ್ಟೇ ತಪ್ಪು.