ಕೈಗೆ ಒಪ್ಪುವ ಕೀಲಿಮಣೆ

ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಮಾಡಿದಾಗ ನನಗೆ ಸಂಕೋಚವೇ ಆಯಿತು. ವಿದ್ಯೆ, ಶಿಸ್ತು, ಸಂಸ್ಕೃತಿಗಳಂತಹ ಹಿರಿಯ ವಿಷಯಗಳನ್ನು ಕುರಿತು ಬರೆಯಲು ಈ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ನನಗಿಂತ ಯೋಗ್ಯರಾದವರು ಅನೇಕರಿದ್ದಾರೆ. ನಾನಾದರೋ ಮೂವತ್ತೈದು ವರ್ಷ ಕಛೇರಿಯ ಮೇಜಿನ ಮುಂದೆ ಕುಳಿತು ಬೆರಳಚ್ಚು ಮಾಡಿ, 2021ರಲ್ಲಿ ನಿವೃತ್ತನಾದ ಗುಮಾಸ್ತ. ಆದುದರಿಂದ ನನ್ನ ಅನುಭವಕ್ಕೆ ನಿಲುಕಿದ ಒಂದು ಚಿಕ್ಕ ವಿಷಯವನ್ನೇ ಆರಿಸಿಕೊಂಡಿದ್ದೇನೆ: ಕೀಲಿಮಣೆ ಮತ್ತು ಅದರ ಮೇಲೆ ದುಡಿಯುವ ಕೈ.

ನಾವು ಇಲ್ಲಿ ಓದುತ್ತಿದ್ದಾಗ ಕಾಪಿ ಬರೆಯಿಸುವ ಮೊದಲು ನಮ್ಮ ಗುರುಗಳು ಕುಳಿತುಕೊಳ್ಳುವುದನ್ನು ಕಲಿಸುತ್ತಿದ್ದರು. ಬೆನ್ನು ನೆಟ್ಟಗಿರಬೇಕು, ಲೇಖನಿಯನ್ನು ಬಿಗಿಯಾಗಿ ಹಿಡಿಯಬಾರದು, ಮುಖ ಪುಸ್ತಕಕ್ಕೆ ತಾಗಬಾರದು. ಅಕ್ಷರ ದುಂಡಾಗುವುದು ಆಮೇಲಿನ ಮಾತು. 1982ರಲ್ಲಿ ಬೆರಳಚ್ಚು ಕಲಿಯಲು ಹೋದಾಗಲೂ ಅಲ್ಲಿಯ ಶಿಕ್ಷಕರು ಮೊದಲ ವಾರವೆಲ್ಲ ಕೈಗಳನ್ನು ಇರಿಸುವ ಬಗೆಯನ್ನೇ ತಿದ್ದಿದರು. ಆದರೆ 1999ರಲ್ಲಿ ನಮ್ಮ ಕಛೇರಿಗೆ ಗಣಕಯಂತ್ರ ಬಂದಾಗ ಅಂತಹ ಮಾತನ್ನು ಒಬ್ಬರೂ ಆಡಲಿಲ್ಲ. ಕಡತ ಬರೆಯುತ್ತಿದ್ದ ಎತ್ತರದ ಮೇಜಿನ ಮೇಲೆಯೇ ಅದನ್ನು ತಂದಿಟ್ಟರು. ಯಂತ್ರಕ್ಕೆ ಧೂಳು ತಗುಲದಂತೆ ಹೊದಿಕೆ ಬಂದಿತು. ಕುಳಿತುಕೊಳ್ಳುವವನ ಕುರ್ಚಿ ಹಳೆಯದೇ ಉಳಿಯಿತು.

2011ರ ಸುಮಾರಿಗೆ ನನ್ನ ಬಲಗೈಯ ಮಣಿಕಟ್ಟಿನಲ್ಲಿ ನೋವು ಕಾಣಿಸಿಕೊಂಡಿತು. ರಾತ್ರಿಯಲ್ಲಿ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳು ಜೋಮು ಹಿಡಿದು ಎಚ್ಚರವಾಗುತ್ತಿತ್ತು. ವಯಸ್ಸಿನ ಸಹಜ ಧರ್ಮವೆಂದು ಭಾವಿಸಿ ಯಾರಿಗೂ ಹೇಳಲಿಲ್ಲ. ಒಂದು ಬೆಳಿಗ್ಗೆ ನೀರು ತುಂಬಿದ ಚೊಂಬು ಕೈಯಿಂದ ಜಾರಿ ಬಿದ್ದಾಗ ಮನೆಯವರು ಬಲವಂತವಾಗಿ ವೈದ್ಯರ ಬಳಿಗೆ ಕರೆದೊಯ್ದರು.

ವೈದ್ಯರು ತಿಳಿಸಿದ ಸಂಗತಿ ಸರಳವಾಗಿತ್ತು. ಮಣಿಕಟ್ಟಿನಲ್ಲಿ ಎಲುಬು ಮತ್ತು ಬಿಗಿಯಾದ ಪಟ್ಟಿಯ ನಡುವೆ ಒಂದು ಇಕ್ಕಟ್ಟಾದ ಸುರಂಗವಿದೆ. ಬೆರಳುಗಳನ್ನು ಮಡಿಸುವ 9 ಸ್ನಾಯುರಜ್ಜುಗಳೂ ಒಂದು ನರವೂ ಅದರೊಳಗಿಂದ ಹಾದುಹೋಗುತ್ತವೆ. ಮಣಿಕಟ್ಟು ನೇರವಾಗಿದ್ದಾಗ ಅಲ್ಲಿ ಒತ್ತಡ ಕಡಿಮೆ, ಬಾಗಿದಾಗ ಹೆಚ್ಚು. ಈ ವ್ಯಾಧಿಗೆ ಕೀಲಿಮಣೆಯೇ ಏಕಮಾತ್ರ ಕಾರಣವೆಂದು ಯಾರೂ ಹೇಳಲಾರರು. ದೇಹಪ್ರಕೃತಿಯೂ ಬೇರೆ ರೋಗಗಳೂ ಕಾರಣವಾಗಬಹುದು. ಆದರೆ ಬಾಗಿದ ಮಣಿಕಟ್ಟಿನಿಂದ ದಿನಕ್ಕೆ ಆರೇಳು ಗಂಟೆ ದುಡಿಯುವುದು ಹಿತವಲ್ಲವೆಂಬುದರಲ್ಲಿ ಸಂದೇಹವಿಲ್ಲ. ಇದು ಇಂದಿನ ಜ್ಞಾನವೂ ಅಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೋ ರಾಮಜ್ಜೀನಿಯು ಕಸುಬುದಾರರ ರೋಗಗಳನ್ನು ಕುರಿತು 1700ರಲ್ಲಿ ಪ್ರಕಟಿಸಿ 1713ರಲ್ಲಿ ವಿಸ್ತರಿಸಿದ ಗ್ರಂಥದಲ್ಲಿ ಲಿಪಿಕಾರರ ಕಷ್ಟಕ್ಕೆ ಮೂರು ಕಾರಣಗಳನ್ನು ಕೊಟ್ಟಿದ್ದಾನೆ: ಸದಾ ಕುಳಿತಿರುವುದು, ಕೈಯನ್ನು ಒಂದೇ ರೀತಿಯಲ್ಲಿ ಎಡೆಬಿಡದೆ ಆಡಿಸುವುದು, ತಪ್ಪಾಗಬಾರದೆಂಬ ಮನಸ್ಸಿನ ಆತಂಕ. ಮುನ್ನೂರು ವರ್ಷಗಳ ಹಿಂದಿನ ಈ ಮಾತು ಇಂದಿನ ಗುಮಾಸ್ತನಿಗೂ ಒಪ್ಪುತ್ತದೆ.

ಹಾಗಾದರೆ ಮಣಿಕಟ್ಟು ಬಾಗುವುದೇಕೆ? ಓದುಗರು ತಮ್ಮ ಎರಡು ಕೈಗಳನ್ನೂ ಮೇಜಿನ ಮೇಲೆ ಸಹಜವಾಗಿ ಚಾಚಿ ನೋಡಬಹುದು. ಅವು ಹೆಗಲಿನಷ್ಟು ಅಗಲದಲ್ಲಿಯೇ ಬಂದು ನಿಲ್ಲುತ್ತವೆ. ಕಿರಿದಾದ ನೇರ ಕೀಲಿಮಣೆಯನ್ನು ಮುಟ್ಟಬೇಕಾದರೆ ಎರಡನ್ನೂ ಒಳಕ್ಕೆ ತರಬೇಕು. ತಂದ ಮೇಲೆ ಅಂಗೈಗಳನ್ನು ಕಿರುಬೆರಳಿನ ಕಡೆಗೆ ಹೊರಳಿಸಬೇಕು. ಕೀಲಿಮಣೆಯ ಹಿಂಬದಿಯ ಪುಟ್ಟ ಕಾಲುಗಳನ್ನು ಎತ್ತಿ ನಿಲ್ಲಿಸಿದರೆ ಮಣಿಕಟ್ಟು ಮೇಲಕ್ಕೂ ಬಾಗುತ್ತದೆ.

ಈ ಆಕಾರವನ್ನು ಕೈಯ ಅಳತೆ ನೋಡಿ ಮಾಡಿದ್ದಲ್ಲ. ಅಮೆರಿಕದ ಮಿಲ್ವಾಕಿಯಲ್ಲಿ ಕ್ರಿಸ್ಟೋಫರ್ ಷೋಲ್ಸ್ ಮತ್ತು ಅವನ ಸಂಗಡಿಗರು 1868ರಲ್ಲಿ ಹಕ್ಕುಪತ್ರ ಪಡೆದು, ರೆಮಿಂಗ್ಟನ್ ಕಂಪನಿಯು 1874ರಲ್ಲಿ ಮಾರಾಟಕ್ಕೆ ತಂದ ಬೆರಳಚ್ಚು ಯಂತ್ರದಲ್ಲಿ ಪ್ರತಿ ಕೀಲಿಯ ಕೆಳಗೂ ಒಂದು ಸನ್ನೆಕೋಲು ಇರುತ್ತಿತ್ತು. ಆ ಕೋಲುಗಳು ಒಂದಕ್ಕೊಂದು ತಾಗದಿರಲೆಂದು ಕೀಲಿಗಳ ಸಾಲುಗಳನ್ನು ಓರೆಯಾಗಿ ಸರಿಸಲಾಯಿತು. ಇಂದು ಸನ್ನೆಕೋಲುಗಳಿಲ್ಲ, ಓರೆ ಸಾಲುಗಳು ಮಾತ್ರ ಉಳಿದಿವೆ. ಕಾರಣ ಅಳಿದ ಮೇಲೂ ಕಟ್ಟಳೆ ಉಳಿಯುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯಲಾರದು.

ಇದನ್ನು ತಿದ್ದಬೇಕೆಂದು ಯೋಚಿಸಿದವರು ಇಲ್ಲದಿರಲಿಲ್ಲ. 1972ರಲ್ಲಿ ಕ್ರೋಮರ್ ಎಂಬ ಸಂಶೋಧಕರು ಕೀಲಿಮಣೆಯನ್ನು ಎರಡು ಭಾಗವಾಗಿ ಸೀಳಿ, ಇಳಿಜಾರಾಗಿ ಇರಿಸಿ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದರು. ಅದೇ ದಶಕದಲ್ಲಿ ಇಂಗ್ಲೆಂಡಿನ ಲಿಲಿಯನ್ ಮಾಲ್ಟ್ ಅವರು ಇಂಜಿನಿಯರ್ ಸ್ಟೀಫನ್ ಹಾಬ್ಡೇ ಅವರೊಡನೆ ಬೆರಳುಗಳ ಉದ್ದಕ್ಕೆ ಹೊಂದುವ, ಬಟ್ಟಲಿನಂತೆ ತಗ್ಗಾದ ಕೀಲಿಮಣೆಯೊಂದನ್ನು ರೂಪಿಸಿದರು. 1994ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಸೀಳಿದ ಕೀಲಿಮಣೆಯನ್ನು ಸಾಮಾನ್ಯರ ಮಾರುಕಟ್ಟೆಗೆ ತಂದಿತು. ಈಗ ಎರಡು ಭಾಗಗಳೂ ಪೂರ್ಣವಾಗಿ ಬೇರೆಯಾಗಿರುವ ಮಾದರಿಗಳೂ ದೊರೆಯುತ್ತವೆ.

ಅಂತಹುದೊಂದನ್ನು ಬೆಂಗಳೂರಿನಲ್ಲಿರುವ ನನ್ನ ಸೋದರಳಿಯ ತಂದುಕೊಟ್ಟ. ಮೊದಲ ಎರಡು ವಾರ ನಾನು ಮತ್ತೆ ಒಂದನೆಯ ತರಗತಿಯ ಬಾಲಕನಾದೆ. ಇಂಗ್ಲಿಷಿನ ‘ಬಿ’ ಕೀಲಿಯನ್ನು ಎಡಗೈಯಿಂದ ಒತ್ತಬೇಕೆಂದು ಕಲಿತಿದ್ದರೂ, ಬಹುಕಾಲದಿಂದ ಬಲಗೈಯಿಂದಲೇ ಒತ್ತುತ್ತಿದ್ದೆನೆಂಬುದು ಆಗ ತಿಳಿಯಿತು. ಆ ಕೀಲಿ ಎಡಭಾಗದಲ್ಲಿತ್ತು. ನನ್ನ ಬಲಗೈ ಖಾಲಿ ಮೇಜನ್ನು ತಟ್ಟುತ್ತಿತ್ತು. ಮೂರನೆಯ ವಾರ ಕೈ ಹೊಂದಿಕೊಂಡಿತು. ಕನ್ನಡ ಬೆರಳಚ್ಚಿನವರಿಗೆ ಇನ್ನೊಂದು ಪ್ರಯೋಜನವೂ ಉಂಟು. ಶ್ರೀ ಕೆ. ಪಿ. ರಾವ್ ಅವರು ರೂಪಿಸಿದ, ನುಡಿ ತಂತ್ರಾಂಶದಲ್ಲಿ ಬಳಕೆಯಲ್ಲಿರುವ ವಿನ್ಯಾಸದಲ್ಲಿ ಮಹಾಪ್ರಾಣಗಳಿಗೆ, ದೀರ್ಘಸ್ವರಗಳಿಗೆ, ಣಕಾರ ಳಕಾರಗಳಿಗೆ ಶಿಫ್ಟ್ ಕೀಲಿಯನ್ನು ಒತ್ತಬೇಕು. ‘ಗಳು’ ಎಂಬ ಪ್ರತ್ಯಯವಿಲ್ಲದೆ ಕನ್ನಡದ ಒಂದು ಪುಟವೂ ಸಾಗದಷ್ಟೆ. ಈ ಭಾರವೆಲ್ಲ ಬೀಳುವುದು ಎಲ್ಲಕ್ಕಿಂತ ದುರ್ಬಲವಾದ ಕಿರುಬೆರಳಿನ ಮೇಲೆ. ಸೀಳಿದ ಕೀಲಿಮಣೆಗಳ ಕೆಲವು ಮಾದರಿಗಳಲ್ಲಿ ಶಿಫ್ಟನ್ನು ಬಲಿಷ್ಠವಾದ ಹೆಬ್ಬೆರಳಿಗೆ ವರ್ಗಾಯಿಸಬಹುದು. ಹಾಗೆ ಮಾಡಿದ ಮೇಲೆಯೇ ನನ್ನ ಕಿರುಬೆರಳಿಗೆ ವಿಶ್ರಾಂತಿ ದೊರೆತದ್ದು.

ನೋವು ಪೂರ್ತಿ ಹೋಯಿತೇ ಎಂದು ಕೇಳಬಹುದು. ಇಲ್ಲ. ನಾನು ತಡಮಾಡಿದ್ದೆ. ಕಡಿಮೆಯಾಯಿತು, ನಿವೃತ್ತಿಯವರೆಗೆ ಕೆಲಸ ಮಾಡುವುದು ಸಾಧ್ಯವಾಯಿತು. ಸೀಳಿದ ಕೀಲಿಮಣೆ ಔಷಧವಲ್ಲ. ಮೇಜು ಎತ್ತರವಾಗಿದ್ದು ಹೆಗಲು ಮೇಲೆದ್ದಿದ್ದರೆ, ಎರಡು ಗಂಟೆ ಏಳದೆ ಕುಳಿತಿದ್ದರೆ, ಎಂತಹ ಕೀಲಿಮಣೆಯೂ ಉಪಕಾರ ಮಾಡಲಾರದು. ಕೀಲಿಮಣೆ ಮೊಣಕೈಯ ಮಟ್ಟದಲ್ಲಿರಬೇಕು, ಪಾದಗಳು ನೆಲಕ್ಕೆ ಊರಬೇಕು, ಪರದೆ ಕಣ್ಣಿನ ಮಟ್ಟಕ್ಕಿರಬೇಕು. ಇವು ಮೊದಲು, ಉಳಿದುದು ಆಮೇಲೆ.

ಬೆಲೆಯ ಮಾತೂ ಇದೆ. ಒಳ್ಳೆಯ ಸೀಳು ಕೀಲಿಮಣೆಗೆ ಹಲವು ಸಾವಿರ ರೂಪಾಯಿ ಬೇಕು. ಕೊಳ್ಳುವ ಮುನ್ನ ಪರೀಕ್ಷಿಸಲು ಖರ್ಚಿಲ್ಲದ ಉಪಾಯವೊಂದಿದೆ. ಯಾವ ಶಾಲೆಯಲ್ಲಿಯೂ ಹಳೆಯ ಕೀಲಿಮಣೆಗಳು ಮೂಲೆಯಲ್ಲಿ ಬಿದ್ದಿರುತ್ತವೆ. ಎರಡನ್ನು ಒಂದೇ ಗಣಕಯಂತ್ರಕ್ಕೆ ಜೋಡಿಸಿ, ಹೆಗಲಿನಗಲಕ್ಕೆ ದೂರವಿಟ್ಟು, ಎಡಗೈ ಒಂದರ ಮೇಲೆ, ಬಲಗೈ ಇನ್ನೊಂದರ ಮೇಲೆ ಇರಿಸಿ ಬರೆಯಬಹುದು. ನೋಡುವವರು ನಗುತ್ತಾರೆ, ಆದರೆ ಹೆಗಲು ಸಡಿಲವಾಗುವುದು ತತ್‌ಕ್ಷಣವೇ ತಿಳಿಯುತ್ತದೆ.

ಇದೆಲ್ಲ ಸುಖಲೋಲುಪತೆ, ಕಷ್ಟ ಸಹಿಸಿದವನೇ ದುಡಿಮೆಗಾರ ಎಂದು ಹಿರಿಯರು ಕೆಲವರು ಹೇಳುವುದುಂಟು. ನಾನೂ ಹಾಗೆಯೇ ಭಾವಿಸಿದ್ದೆ; ಕೈ ಕಳೆದುಕೊಳ್ಳುವ ಅಂಚಿಗೆ ಬಂದದ್ದು ಆ ಭಾವನೆಯಿಂದಲೇ. ನಮ್ಮ ಊರುಗಳಲ್ಲಿ ಬಡಿಗನು ನೇಗಿಲಿನ ಹಿಡಿಯನ್ನು ಉಳುವವನ ಎತ್ತರ ನೋಡಿ ಕೂಡಿಸುತ್ತಿದ್ದನು. ನೊಗ ಎತ್ತಿನ ಹೆಗಲನ್ನು ಕೆತ್ತಿದರೆ ಒಕ್ಕಲಿಗನು ನೊಗವನ್ನು ತಿದ್ದಿಸುತ್ತಿದ್ದನೇ ಹೊರತು ಎತ್ತಿಗೆ ತಾಳ್ಮೆಯನ್ನು ಬೋಧಿಸುತ್ತಿರಲಿಲ್ಲ. ಎತ್ತಿಗೆ ತೋರುವ ವಿವೇಕವನ್ನು ನಮ್ಮ ಕೈಗಳಿಗೆ ತೋರುವುದು ಸೋಮಾರಿತನವಾಗಲಾರದು.

ಆದುದರಿಂದ ಉಪಾಧ್ಯಾಯ ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ಪಾಠದ ಜೊತೆಗೆ ಅಂಕಗಳನ್ನೂ ಹಾಜರಿಯನ್ನೂ ಗಣಕಯಂತ್ರಕ್ಕೆ ಏರಿಸುವ ಹೊರೆ ಇಂದು ತಮ್ಮ ಮೇಲಿದೆ. ಬೆರಳು ಜೋಮು ಹಿಡಿದರೆ ಮುಚ್ಚಿಡಬೇಡಿರಿ. ಮಕ್ಕಳಿಗೆ ಗಣಕಯಂತ್ರವನ್ನು ಕಲಿಸುವಾಗ, ಹಿಂದೆ ಕಾಪಿ ಬರೆಯಿಸುವಾಗ ಹೇಳುತ್ತಿದ್ದಂತೆ, ಮೊದಲು ಕುಳಿತುಕೊಳ್ಳುವುದನ್ನು ಕಲಿಸಿರಿ.

ದಾನಿಗಳಲ್ಲಿಯೂ ಒಂದು ಮಾತು. ಹತ್ತು ಗಣಕಯಂತ್ರಗಳನ್ನು ಕೊಡಿಸುವ ಮಹನೀಯರು ಒಂಬತ್ತನ್ನು ಕೊಟ್ಟು, ಹತ್ತನೆಯದರ ಹಣದಲ್ಲಿ ಮಕ್ಕಳ ಎತ್ತರಕ್ಕೆ ಹೊಂದುವ ಮೇಜು, ಪಾದ ಊರಲು ಮಣೆ, ಕಛೇರಿಯ ಗುಮಾಸ್ತರಿಗೆ ಒಂದು ಸೀಳು ಕೀಲಿಮಣೆ ಕೊಡಿಸಿದರೆ ದಾನವು ಇನ್ನಷ್ಟು ಸಾರ್ಥಕವಾದೀತು. ಪಾದದ ಮಣೆಯ ಮೇಲೆ ದಾನಿಯ ಹೆಸರು ಕೆತ್ತುವ ಪದ್ಧತಿಯಿಲ್ಲ, ನಿಜ. ಆದರೆ ಇಂದು ಇಲ್ಲಿ ಕಲಿಯುವ ಹುಡುಗಿಯೊಬ್ಬಳು ಮೂವತ್ತೈದು ವರ್ಷ ದುಡಿದು ನಿವೃತ್ತಳಾದ ದಿನ, ನೀರು ತುಂಬಿದ ಚೊಂಬನ್ನು ನೋವಿಲ್ಲದೆ ಎತ್ತಿದರೆ, ಆ ದಾನಕ್ಕೆ ಬೇರೆ ಶಿಲಾಶಾಸನ ಬೇಕಿಲ್ಲ.