ಶೈಶವಕ್ಕೆ ಕಾಯುವ ವ್ಯವಧಾನವಿಲ್ಲ

ಯುದ್ಧಸಂತ್ರಸ್ತರಿಗೆ ನೆರವು ಎಂದೊಡನೆ ನಮ್ಮ ಕಣ್ಮುಂದೆ ಬರುವುದು ಹಿಟ್ಟಿನ ಮೂಟೆ, ಕಂಬಳಿ, ಔಷಧಿ. ಅವು ಬೇಕೇ ಬೇಕು. ಆದರೆ ಸೈರನ್ ಮೊಳಗಿದಾಗಲೆಲ್ಲ ನೆಲಮಾಳಿಗೆ ಸೇರಿ, ಕಲಿತ ಮಾತನ್ನೂ ನಿಲ್ಲಿಸಿಬಿಟ್ಟ ಎರಡು ವರ್ಷದ ಕೂಸಿಗೆ ಬೇಕಾದ ನೆರವು ಬೇರೆಯೇ ಬಗೆಯದು. ಅದು ಲಾರಿಯಲ್ಲಿ ಬಂದಿಳಿಯುವಂಥದ್ದಲ್ಲ.

ಈ ಪಾಠವನ್ನು ಜಗತ್ತು ಎಂಟು ದಶಕಗಳ ಹಿಂದೆಯೇ ಕಲಿಯಬೇಕಿತ್ತು. ದ್ವಿತೀಯ ಮಹಾಯುದ್ಧದಲ್ಲಿ ಲಂಡನ್ ಬಾಂಬ್ ದಾಳಿಗೆ ತುತ್ತಾಗಿದ್ದಾಗ, 1941ರಲ್ಲಿ, ಆನಾ ಫ್ರಾಯ್ಡ್ ಮತ್ತು ಡೊರೊಥಿ ಬರ್ಲಿಂಗ್‌ಹ್ಯಾಮ್ ಅಲ್ಲಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಶಿಶುನಿವಾಸ ತೆರೆದರು. ತಾಯಿಯ ಮಡಿಲಲ್ಲಿದ್ದ ಮಗು ಬಾಂಬಿನ ಸದ್ದನ್ನು ಹೇಗೋ ತಾಳಿಕೊಳ್ಳುತ್ತಿತ್ತು. ಸುರಕ್ಷಿತ ಹಳ್ಳಿಗೆ ಒಂಟಿಯಾಗಿ ಹೋದ ಮಗು ಅಗಲಿಕೆಯಿಂದಲೇ ಕುಗ್ಗುತ್ತಿತ್ತು ಎಂಬುದನ್ನು ಅವರು ಕಂಡುಕೊಂಡರು. ಆದುದರಿಂದ ತಾಯಂದಿರು ಯಾವ ಹೊತ್ತಿನಲ್ಲಾದರೂ ಬಂದು ಮಗುವನ್ನು ಕಾಣಲು ಅವಕಾಶವಿತ್ತರು. ಮಕ್ಕಳನ್ನು ಪುಟ್ಟ 'ಕುಟುಂಬ'ಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಓರ್ವ ದಾದಿಯನ್ನು ತಾಯಿಯ ಸ್ಥಾನದಲ್ಲಿರಿಸಿದರು. ಆರಂಭದಲ್ಲಿ ಮಕ್ಕಳ ಹಟ, ಅಸೂಯೆ ಮೇರೆ ಮೀರಿತಂತೆ! ಕೆಲವು ವಾರಗಳಲ್ಲಿ ಅದು ತಣಿದು, ಹಿಂದುಳಿದಿದ್ದ ಮಾತು ಚಿಗುರತೊಡಗಿತು.

2022ರ ಫೆಬ್ರವರಿ 24ರಂದು ರಷ್ಯಾದ ಪೂರ್ಣಪ್ರಮಾಣದ ಆಕ್ರಮಣಕ್ಕೀಡಾದ ಉಕ್ರೇನಿನಲ್ಲಿ ಅದೇ ಪ್ರಶ್ನೆ ಮತ್ತೆ ತಲೆಯೆತ್ತಿತು. ಖಾರ್ಕಿವ್ ನಗರದಲ್ಲಿ 2023ರಲ್ಲಿ ಮೆಟ್ರೋ ನಿಲ್ದಾಣಗಳೊಳಗೆ ತರಗತಿಗಳು ಆರಂಭವಾದುದನ್ನು ಲೋಕವೆಲ್ಲ ಮೆಚ್ಚಿತು. ಆದರೆ ಶಾಲೆಯ ವಯಸ್ಸಿಗೆ ಬಾರದ ಕಂದಮ್ಮಗಳು ಯಾರ ಹಾಜರಿ ಪುಸ್ತಕದಲ್ಲಿದ್ದಾರೆ?

ಖಾರ್ಕಿವ್, ಲ್ವಿವ್ ನಗರಗಳಲ್ಲಿ, ಬೆಳವಣಿಗೆ ಕುಂಠಿತಗೊಂಡ ಶಿಶುಗಳಿಗಾಗಿ 'ಎಳವೆಯ ನೆರವು' ಎನ್ನಬಹುದಾದ ಸೇವೆ ಈ ಆಕ್ರಮಣಕ್ಕೆ ಮೊದಲೇ ಬೇರೂರಿತ್ತು. ಅದರ ಕ್ರಮ ಸರಳ. ಅಂಗಸಾಧನೆ, ಮಾತು, ಮನಸ್ಸು ಇವುಗಳ ತಜ್ಞರು ಒಂದಾಗಿ ಹೆತ್ತವರೊಡನೆ ಕುಳಿತು, ಉಣಿಸುವಾಗ, ಮೀಯಿಸುವಾಗ, ಆಡಿಸುವಾಗ ಏನು ಮಾಡಬೇಕೆಂಬುದನ್ನು ಅವರಿಗೇ ಕಲಿಸಿಕೊಡುತ್ತಾರೆ. ತಜ್ಞರು ಮಗುವಿನೊಡನೆ ಕಳೆಯುವುದು ವಾರಕ್ಕೆ ಒಂದೆರಡು ಗಂಟೆ. ಉಳಿದ ಕಾಲವೆಲ್ಲ ತಾಯಿಯದು. ಆ ತಾಯಿಯಾದರೋ, ಪತಿಯನ್ನು ರಣರಂಗಕ್ಕೆ ಕಳುಹಿಸಿ, ಊರು ತೊರೆದು, ನಿದ್ದೆಗೆಟ್ಟು ಕುಳಿತಿರುವವಳು. ಅವಳ ಕೈ ಹಿಡಿಯದೆ ಮಗುವನ್ನು ಮಾತ್ರ ಮೇಲೆತ್ತುತ್ತೇವೆನ್ನುವುದು ನಡೆಯದ ಮಾತು.

ಸಂಘರ್ಷಕ್ಕೆ ಸಿಲುಕಿದ ಮಕ್ಕಳ ಚೇತರಿಕೆಗೆ ಸಕಲ ಕ್ರಮ ಕೈಗೊಳ್ಳಬೇಕೆಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 39ನೆಯ ವಿಧಿ ರಾಷ್ಟ್ರಗಳಿಗೆ ವಿಧಿಸಿದೆ. 'ಯುದ್ಧ ಮುಗಿದ ಮೇಲೆ' ಎಂಬ ಷರತ್ತು ಅದರಲ್ಲಿಲ್ಲ. ದಾನಿ ರಾಷ್ಟ್ರಗಳು ಪುನರ್ನಿರ್ಮಾಣದ ಪಟ್ಟಿ ಸಿದ್ಧಪಡಿಸುವಾಗ ಸೇತುವೆ, ವಿದ್ಯುತ್ ಸ್ಥಾವರಗಳ ಕೆಳಗಿನ ಕೊನೆಯ ಸಾಲಿಗೆ ಈ ಸೇವೆಯನ್ನು ತಳ್ಳುವುದು ಸಲ್ಲದು. ಆಕ್ರಮಣ ಆರಂಭವಾದ ವಾರ ನೆಲಮಾಳಿಗೆಯಲ್ಲಿ ಹುಟ್ಟಿದ ಕೂಸಿಗೆ ಈಗಾಗಲೇ ಮೂರು ವರ್ಷ ದಾಟಿದೆ.